2.30ಕ್ಕ 1.30 ಕೂಡಿಸಿದ್ರ ಎಷ್ಟ?

ಹೋದ ರವಿವಾರ ಮುಂಜಾನೆ ನಾ ಪಡಸಾಲ್ಯಾಗ ಕುಂತು ನಮ್ಮ ಸಂಘದ ಲೆಕ್ಕದ ಬುಕ್ಕ ತಗದಿದ್ದೆ. ಮಗಳು ಕಂಬಕ್ಕ ಬೆನ್ನ ಹಚ್ಚಿ ಮೊಬೈಲ್ ಹಿಡಕೊಂಡು ಕುಂತಿದ್ಳು. ಅಕಿ ಈ ವರ್ಷ ಇಂಜಿನಿಯರಿಂಗ್ ಮೊದಲನೇ ವರ್ಷ. ಶನಿವಾರ ರಾತ್ರಿ ಊರಿಗೆ ಬರತಾಳ, ಸೋಮವಾರ ನಸಕಿನ್ಯಾಗ ಹೋಗತಾಳ. ಈಗಿನ ಕಾಲೇಜಿನ್ಯಾಗ ಗಣಿತದ ಹೋಮ್‌ವರ್ಕ್ ವಹಿಯೊಳಗ ಬರದು ಕೊಡೂದಿಲ್ಲ. ಮೊಬೈಲಿನ್ಯಾಗ ಪ್ರಶ್ನೆ ಬರತೈತಿ, ಕೆಳಗ ಒಂದು ಖಾಲಿ ಡಬ್ಬಿ ಇರತೈತಿ, ಅದರಾಗ ಉತ್ತರ ಹೊಡೀಬೇಕು. ಸರಿ ಇದ್ರ ಹಸರ, ತಪ್ಪಿದ್ರ ಕೆಂಪ. ಒಂದ ಪ್ರಶ್ನೆಗೆ ಮೂರ ಸಲ ಅವಕಾಶ.

ಸ್ವಲ್ಪ ಹೊತ್ತಿಗೆ ಮೊಬೈಲ್ ಬಾಜೂಕ ಇಟ್ಟು ಮಾರಿ ಮುಚಗೊಂಡ್ಳು. "ಏನಾತ ಯವ್ವಾ?" ಅಂದೆ. "ಏನಿಲ್ಲವ್ವಾ, ನನಗ ಗಣಿತ ಬರೂದಿಲ್ಲ. ಬ್ಯಾಡಾಗಿತ್ತು ಈ ಲೈನು" ಅಂದ್ಳು. ಹತ್ತನೇತ್ತದಾಗ ಗಣಿತಕ್ಕ ನೂರಕ್ಕ ತೊಂಬತ್ತೆಂಟು ತಗೊಂಡ ಕೂಸದು. ಅಕಿ ಬಾಯಾಗ ಆ ಮಾತು ಕೇಳಿ ನನಗ ಎದಿ ಝಲ್ ಅಂತು.

ವಹಿ ತಗೊಂಡು ನೋಡಿದೆ. ನಂದು ಪಿಯುಸಿ ತನಕ ಆಗೇತಿ, ಮ್ಯಾಲಿಂದು ತಿಳಿಯೂದಿಲ್ಲ, ಆದ್ರ ಕಡೀ ಸಾಲು ತಿಳೀತು. ಒಂದು ಸೊಟ್ಟ ಗೆರಿ ಕೆಳಗಿನ ಕ್ಷೇತ್ರಫಲ ಕೇಳಿದ್ರು. ಅಕಿ ಕಂಡ ಹಿಡದಿದ್ಳು, ಮೂರನೇ ಒಂದು ಪಾಲು. ಡಬ್ಬಿಯೊಳಗ 0.33 ಅಂತ ಹೊಡದಿದ್ಳು. ಕೆಂಪ ಬಂತು. ಲೆಕ್ಕ ಮೊದಲಿಂದ ಮಾಡಿದ್ಳು, ಮತ್ತ ಮೂರನೇ ಒಂದೇ ಬಂತು. ಬೆರಳ ತಪ್ಪಿರಬೇಕಂತ ಮತ್ತ 0.33 ಹೊಡದ್ಳು, ಮತ್ತ ಕೆಂಪ. ಮೂರನೇ ಸಲಕ್ಕ ಧೈರ್ಯ ಹೋತು. ಸರಿ ಇದ್ದ ಲೆಕ್ಕ ಕಾಟು ಹಾಕಿ, ಎಲ್ಲೋ ಎರಡರಿಂದ ಗುಣಿಸೂದು ಬಿಟ್ಟೇನಂತ ತಿಳಕೊಂಡು 0.66 ಹೊಡದ್ಳು. ಅಲ್ಲಿಗೆ ಮೂರೂ ಮುಗದು ಸೊನ್ನಿ.

ಮಾರ್ಕ್ಸ ಹೋದದ್ದು ನನಗ ದೊಡ್ಡದಲ್ಲ, ಒಂದೋ ಎರಡೋ ಇರಬೇಕು. ಆದ್ರ ಕೂಸು ತನ್ನ ಸರಿ ಲೆಕ್ಕ ತಾನ ಕಾಟು ಹಾಕಿತಲ್ಲ, ಅದು ದೊಡ್ಡದು. ಅದಕ್ಕ ಇದನ್ನ ಬರಿಯಾಕ ಕುಂತೀನಿ.

ಅಷ್ಟರಾಗ ನಮ್ಮ ಮಾಂವನವರು ಒಳಗ ಬಂದ್ರು. ಮಮ್ಮಗಳ ಮಾರಿ ನೋಡಿ "ಯಾಕ ನನ ಕೂಸ, ಯಾರ ಬೈದ್ರು?" ಅಂದ್ರು. "ಮೊಬೈಲ್ ಬೈತು ಮುತ್ಯಾ" ಅಂದ್ಳು. ನಾ ಆದದ್ದೆಲ್ಲಾ ಹೇಳಿದೆ. ಅವರು ನಕ್ಕು, "ನಾ ಒಂದ ಲೆಕ್ಕ ಕೇಳತೀನಿ ಹೇಳ. ಎರಡು ಮೂವತ್ತಕ್ಕ ಒಂದು ಮೂವತ್ತ ಕೂಡಿಸಿದ್ರ ಎಷ್ಟ?" ಅಂದ್ರು.

"ಮೂರು ಅರವತ್ತ" ಅಂದ್ಳು.

"ತಪ್ಪ. ನಾಕು ಇಪ್ಪತ್ತ."

ಅಕಿ ಪಿಳಿಪಿಳಿ ನೋಡಿದ್ಳು. ಮಾಂವನವರು ಹೊಲದ ಉತಾರ ತಗದು ತೋರಿಸಿದ್ರು. ಕಾಲುವಿ ಕಡೆ ಹೊಲ 2-30, ಊರ ಕಡೆ ಹೊಲ 1-30. ಎರಡು ಎಕರೆ ಮೂವತ್ತು ಗುಂಟೆ, ಒಂದು ಎಕರೆ ಮೂವತ್ತು ಗುಂಟೆ. ನಲವತ್ತು ಗುಂಟೆಕ್ಕ ಒಂದ ಎಕರೆ. ಮೂವತ್ತು ಮೂವತ್ತು ಅರವತ್ತು ಗುಂಟೆ, ಅಂದ್ರ ಒಂದ ಎಕರೆ ಇಪ್ಪತ್ತು ಗುಂಟೆ. ಕೂಡಿಸಿದ್ರ ನಾಕು ಎಕರೆ ಇಪ್ಪತ್ತು ಗುಂಟೆ.

ಈಗ ನೀವ ಹೇಳ್ರಿ, ಮಗಳು ಹೇಳಿದ್ದು ತಪ್ಪೇನು? ರೂಪಾಯಿ ಇದ್ರ 2.30ಕ್ಕ 1.30 ಕೂಡಿಸಿ 3.60 ಆಗತೈತಿ, ಅಕಿ ಖರೇನ. ಗಡಿಯಾರದ ಲೆಕ್ಕ ಇದ್ರ ಎರಡೂವರಿ ತಾಸಿಗೆ ಒಂದೂವರಿ ತಾಸು ಕೂಡಿಸಿ ಬರೋಬ್ಬರಿ ನಾಕ ತಾಸು. ಸಣ್ಣ ಮಗ ಕ್ರಿಕೆಟ್ ಹುಚ್ಚ, ಅಂವ ಅಲ್ಲಿಂದನ "ಓವರ್ ಇದ್ರ 2.3ಕ್ಕ 1.3 ಕೂಡಿಸಿದ್ರ 4 ಓವರ್ ಆಗತೈತಿ" ಅಂದ. ಅದೂ ಖರೆ, ಒಂದ ಓವರಿಗೆ ಆರ ಬಾಲು. ಅಂಕಿ ಅವ, ನಡಕ ಚುಕ್ಕಿನೂ ಅದ. ಆದ್ರ ರೊಕ್ಕದಾಗ ಒಂದು, ಹೊಲದಾಗ ಒಂದು, ತಾಸಿನ್ಯಾಗ ಒಂದು. ಯಾವ ಲೆಕ್ಕ ಅಂತ ಮೊದಲ ಹೇಳದ ಸರಿ ಯಾವುದು, ತಪ್ಪ ಯಾವುದು ಅಂತ ಯಾರೂ ಹೇಳಾಕ ಬರೂದಿಲ್ಲ.

ಆವತ್ತ ಸಂಜೀಕ ನನ್ನ ಅಣ್ಣನ ಮಗ ವಾಟ್ಸಾಪಿನ್ಯಾಗ ಫೋನ್ ಮಾಡಿದ್ದ. ಅಂವ ಅಮೆರಿಕಾದಾಗ ಓದಾಕತ್ತಾನ, ಅಲ್ಲೇ ಕಾಲೇಜಿನ ಹುಡುಗೂರಿಗೆ ಗಣಿತದ ಹೋಮ್‌ವರ್ಕ್ ನೋಡೂ ಕೆಲಸಾನೂ ಮಾಡತಾನ. ಈ ಸುದ್ದಿ ಹೇಳಿದ್ದ ತಡ, "ಅತ್ತಿ, ಇದಕ್ಕ ನಮ್ಮ ಕಡೆ ಕಾಂಟೆಕ್ಸ್ಟ್ ಅಂತಾರ. ಪ್ರಶ್ನೆ ಬರಿಯಾವ್ರು ಎಲ್ಲಾಕ್ಕಿಂತ ಮೊದಲ ಅದನ್ನ ಆರಿಸಬೇಕು" ಅಂತ ಅರ್ಧಾ ತಾಸು ತಿಳಿಸಿ ಹೇಳಿದ. ಮಗಳ ಕಾಲೇಜಿನ ಸಾಫ್ಟ್‌ವೇರ್ ಯಾವುದಂತ ನಾ ಇಲ್ಲಿ ಹೇಳೂದಿಲ್ಲ, ಅದು ಮುಖ್ಯ ಅಲ್ಲ. ಅಂವ ಹೇಳಿದ್ದು ವೆಬ್‌ವರ್ಕ್ ಅನ್ನೂ ಬ್ಯಾರೆ ಸಾಫ್ಟ್‌ವೇರಿನ ಸುದ್ದಿ. 1990ರ ದಶಕದ ನಡಕ ಅಮೆರಿಕಾದ ರೋಚೆಸ್ಟರ್ ವಿಶ್ವವಿದ್ಯಾಲಯದ ಮೈಕೆಲ್ ಗೇಜ್ ಮತ್ತ ಆರ್ನಲ್ಡ್ ಪೈಜರ್ ಅನ್ನೂ ಇಬ್ಬರು ಗಣಿತದ ಮಾಸ್ತರರು ಸೇರಿ ಮಾಡಿದ್ದು. ಪುಕಟ ಐತಿ, ಯಾರು ಬೇಕಾದ್ರೂ ಒಳಗ ಹೆಂಗ ನಡೀತೈತಿ ಅಂತ ತಗದು ನೋಡಬಹುದು. ಹಿಂಗಾಗಿ ಇಂಥಾ ಯಂತ್ರ ಉತ್ತರ ಹೆಂಗ ಓದತೈತಿ ಅಂತ ತಿಳಕೊಳ್ಳಾಕ ಅದು ಚಲೋ.

ಅಂವ ಹೇಳಿದ್ದರಾಗ ನನಗ ತಿಳದಷ್ಟ ಹೇಳತೀನಿ.

ಪ್ರಶ್ನೆ ಬರಿಯೂ ಮಾಸ್ತರು ಮೊದಲ ಒಂದ ಸಾಲು ಬರೀಬೇಕು, ಇದು ಬರೇ ಸಂಖ್ಯೆಯ ಲೆಕ್ಕೋ, ಭಿನ್ನರಾಶಿಯ ಲೆಕ್ಕೋ, ಬಿಂದುವಿನ ಲೆಕ್ಕೋ, ಅಂತರದ ಲೆಕ್ಕೋ, ರೊಕ್ಕದ ಲೆಕ್ಕೋ ಅಂತ. ಆಮ್ಯಾಲ ಹುಡುಗೂರು ಹೊಡದ ಉತ್ತರಾನ ಯಂತ್ರ ಆ ಕಣ್ಣೀಲೇ ಓದತೈತಿ. (2, 5) ಅಂತ ಹೊಡದ್ರ ಬಿಂದುವಿನ ಲೆಕ್ಕದಾಗ ಅದು ಒಂದ ಚುಕ್ಕಿ, ಆಕಡೆ ಎರಡು ಈಕಡೆ ಐದು. ಅದನ್ನ ಅಂತರದ ಲೆಕ್ಕದಾಗ ಹೊಡದ್ರ ಎರಡರಿಂದ ಐದರ ನಡಕಿನ ಎಲ್ಲಾ ಸಂಖ್ಯೆ, ಆದ್ರ ಎರಡೂ ಇಲ್ಲ, ಐದೂ ಇಲ್ಲ. ಎರಡೂ ಐದೂ ಬೇಕಂದ್ರ ಚೌಕ ಕಂಸ ಹಾಕಬೇಕು. ಬೀಗರು "ಸೋಮವಾರತನಕ ಇರತೀವಿ" ಅಂದಾಗ ಸೋಮವಾರದ ಊಟ ಹಿಡದೋ ಬಿಟ್ಟೋ ಅಂತ ನಾವು ಒಲಿ ಮುಂದ ಕುಂತು ಪಿಸಪಿಸ ಮಾಡತೀವಲ್ಲ, ಅದ ಇದು.

'ಐ' ಅನ್ನೂ ಅಕ್ಷರಾನೂ ಹಂಗ. ಒಂದ ಲೆಕ್ಕದಾಗ ಅದು ಋಣ ಒಂದರ ವರ್ಗಮೂಲ, ಇನ್ನೊಂದರಾಗ ಅದು ಒಂದ ದಿಕ್ಕು. ಹೆಂಗಪಾ ಇದು ಅಂದ್ರ, "ಅತ್ತಿ ಅಂತ ನಿಮಗ ಕರೀತೀನಲ್ಲ, ಹಂಗ" ಅಂದ. ಖರೇನ ನೋಡ್ರಿ. ಅತ್ತಿ ಅಂದ್ರ ಗಂಡನ ಅವ್ವನೂ ಹೌದು, ಅಪ್ಪನ ತಂಗೀನೂ ಹೌದು, ಹೊಳಿ ದಂಡಿಗೆ ಹಣ್ಣ ಬಿಡೂ ಗಿಡಾನೂ ಹೌದು. ಮನಿಯೊಳಗ ಯಾರೂ ಗೊಂದಲ ಮಾಡಕೊಳ್ಳೂದಿಲ್ಲ, ಯಾಕಂದ್ರ ಯಾರು ಯಾರಿಗೆ ಅನ್ನಾಕತ್ತಾರ ಅಂತ ಕಣ್ಣಿಗೆ ಕಾಣತೈತಿ. ಯಂತ್ರಕ್ಕ ಕಣ್ಣಿಲ್ಲ, ಮೊದಲ ಹೇಳಿಡಬೇಕು.

ಇನ್ನ ಕಾಮಾ. ಬರೇ ಸಂಖ್ಯೆಯ ಲೆಕ್ಕದಾಗ 1,200 ಅಂತ ಹೊಡದ್ರ ಯಂತ್ರ ಅದನ್ನ ಸಾವಿರದ ಇನ್ನೂರ ಅಂತ ಓದೂದಿಲ್ಲ. 1 ಒಂದು ಉತ್ತರ, 200 ಇನ್ನೊಂದು ಉತ್ತರ ಅಂತ ಓದತೈತಿ. ನಾವು 1,25,000 ಅಂತ ಬರದ್ರ ಅದಕ್ಕ ಮೂರು ಉತ್ತರ ಕಾಣತಾವ! ರೊಕ್ಕದ ಲೆಕ್ಕ ಅಂತ ಮೊದಲ ಹೇಳಿದ್ರ ಮಾತ್ರ ಕಾಮಾ ನಡೀತೈತಿ.

ಹಂಗಾದ್ರ ನನ್ನ ಮಗಳ 0.33 ಯಾಕ ಕೆಂಪಾತು? ವೆಬ್‌ವರ್ಕಿನ್ಯಾಗ ಮಾಸ್ತರು ಬ್ಯಾರೆ ಏನೂ ಹೇಳದಿದ್ರ ಯಂತ್ರ ಸಾವಿರಕ್ಕ ಒಂದು ಪಾಲಿನಷ್ಟ ಹೆಚ್ಚುಕಡಿಮಿ ಒಪ್ಪಿಕೊಳ್ಳತೈತಂತ. 0.33 ಅನ್ನೂದು ಮೂರನೇ ಒಂದಕ್ಕಿಂತ ನೂರಕ್ಕ ಒಂದು ಪಾಲು ಕಡಿಮಿ. ಅಂದ್ರ ಅಂಥಾ ಪಟ್ಟೀಲೆ ಅಳದ್ರ ಅದು ಹೊರಗ ಬೀಳತೈತಿ, 0.3333 ಹೊಡದ್ರ ಒಳಗ ಬರತೈತಿ, 1/3 ಅಂತ ಹೊಡದ್ರ ಸುದ್ದೀನ ಇಲ್ಲ. ಮಗಳ ಸಾಫ್ಟ್‌ವೇರಿನ್ಯಾಗೂ ಇಂಥಾದ ಒಂದು ಪಟ್ಟಿ ಇದ್ದಿರಬೇಕು. ಇಷ್ಟ ವಿಷಯ. ಪ್ರಶ್ನೆ ಕೆಳಗ "ಭಿನ್ನರಾಶಿಯೊಳಗ ಬರೀರಿ, ಇಲ್ಲಂದ್ರ ನಾಕ ದಶಾಂಶತನಕ ಬರೀರಿ" ಅಂತ ಒಂದ ಸಾಲು ಇದ್ದಿದ್ರ ಕೂಸಿನ ಕಣ್ಣಾಗ ನೀರು ಬರತಿದ್ದಿಲ್ಲ. ಪ್ರಶ್ನೆಯೊಳಗ "ಎಕ್ಸ್ಯಾಕ್ಟ್ ಆನ್ಸರ್" ಅಂತ ಎರಡ ಶಬ್ದ ಇದ್ದವು ಖರೆ. ಕನ್ನಡ ಮೀಡಿಯಂ ಸಾಲ್ಯಾಗ ಕಲತು ಬಂದ ಹುಡುಗಿ ಅದನ್ನ "ಕರೆಕ್ಟ್ ಉತ್ತರ ಕೊಡ್ರಿ" ಅಂತ ಓದಿದ್ಳು. ತಪ್ಪ ಉತ್ತರ ಕೊಡ್ರಿ ಅಂತ ಯಾರರ ಕೇಳತಾರೇನ ಅಂತ ಮುಂದ ಹೋದ್ಳು. ಆ ಶಬ್ದದ ಅರ್ಥ ದಶಾಂಶ ಮಾಡಬ್ಯಾಡ್ರಿ ಅಂತ ಅಕಿಗೆ ಯಾರೂ ಹೇಳಿದ್ದಿಲ್ಲ.

ಇದನ್ನ ಕೇಳಿದ ಕೂಡಲೇ ನಮ್ಮ ಮನಿಯವರು ಸಿಟ್ಟಿಗೆ ಬಂದು, "ಹಂಗಾದ್ರ ಯಂತ್ರ ಎಲ್ಲಾನೂ ಒಪ್ಪಿಕೊಳ್ಳಬೇಕಪಾ, ಮೂರನೇ ಒಂದನ್ನ ಹುಡುಗೂರು ಹೆಂಗ ಬರದ್ರೂ ಸರಿ ಅನ್ನಬೇಕು" ಅಂದ್ರು. ನನಗೂ ಮೊದಲ ಹಂಗ ಅನಿಸಿತ್ತು. ಆದ್ರ ಒಂದೀಟು ವಿಚಾರ ಮಾಡಿದ್ರ ಅದೂ ಸರಿ ಅಲ್ಲ.

ಐದನೇತ್ತದ ಹುಡುಗಗ "6/12 ಇದನ್ನ ಸಣ್ಣ ಮಾಡು" ಅಂತ ಕೇಳತೀರಿ ಅನ್ರಿ. ಎಲ್ಲಾ ಒಪ್ಪೂ ಯಂತ್ರ ಇದ್ರ ಅಂವ ಕೊಟ್ಟ 6/12ನ್ನ ಹಂಗ ತಿರಗಿ ಹೊಡದ್ರೂ ಹಸರ ಬರತೈತಿ, ಯಾಕಂದ್ರ ಬೆಲಿ ಒಂದ. "48ಕ್ಕ 37 ಕೂಡಿಸು" ಅಂದ್ರ 48+37 ಅಂತನ ಹೊಡದು ಆಟಕ್ಕ ಓಡತಾನ, ಕೂಡಿಸೂ ಕೆಲಸ ಯಂತ್ರಾನ ಮಾಡತೈತಿ. ಅದಕ್ಕ ವೆಬ್‌ವರ್ಕಿನ್ಯಾಗ ಬಿಗಿ ಲೆಕ್ಕಗಳೂ ಅದಾವಂತ, ಅಲ್ಲಿ ಒಂದ ಸಂಖ್ಯೆ ಬರದ್ರ ಮಾತ್ರ ನಡೀತೈತಿ, ಕೂಡೂ ಚಿನ್ನೆ ಹಾಕಿದ್ರ ಒಪ್ಪೂದಿಲ್ಲ. ಭಿನ್ನರಾಶಿನ್ನ ಪೂರ್ತಿ ಸಣ್ಣ ಮಾಡಿ ಬರೀಬೇಕು ಅಂತನೂ ಕಟ್ಟ ಹಾಕಬಹುದು. ಏನ ಕಲಸಾಕತ್ತೀವಿ ಅನ್ನೂದರ ಮ್ಯಾಲ ಬಿಗಿ ಬೇಕೋ ಸಡ್ಲ ಬೇಕೋ ಅಂತ ನಿಂದರತೈತಿ.

ಸಡ್ಲ ಹೆಚ್ಚಾದ್ರ ಏನಾಗತೈತಿ ಅನ್ನೂದಕ್ಕ ನಮ್ಮ ಸಂಘದ ಲೆಕ್ಕ ನೋಡ್ರಿ. ಸಾವಿರಕ್ಕ ಒಂದು ಪಾಲಿನ ಸಡ್ಲ ಅಂದ್ರ ಹತ್ತ ಲಕ್ಷಕ್ಕ ಸಾವಿರ ರೂಪಾಯಿ. ಬ್ಯಾಂಕಿನ ಸಾಲ ಹತ್ತ ಲಕ್ಷ ಇದ್ದಾಗ ನಾ ಒಂಬೈನೂರ ರೂಪಾಯಿ ಹೆಚ್ಚುಕಡಿಮಿ ಬರದು "ಇದೂ ಸರೀನ ರೀ, ಸಾವಿರದೊಳಗ ಐತಿ" ಅಂದ್ರ ಸಂಘದ ಹೆಣ್ಣಮಕ್ಕಳು ನನ್ನ ಓಣ್ಯಾಗ ಅಡ್ಡ್ಯಾಡಾಕ ಬಿಡೂದಿಲ್ಲ. ರೊಕ್ಕದ ಲೆಕ್ಕಕ್ಕ ಪೈಸಾತನಕ ಸರಿ ಇರಬೇಕು. ಅದ, ಹೊಲಕ್ಕ ಎಷ್ಟ ಗೊಬ್ಬರ ಬೇಕು ಅಂತ ನಮ್ಮೂರ ಕೃಷಿ ವಿಜ್ಞಾನ ಕೇಂದ್ರದಾಗ ಕೇಳಿ ಬಂದು, ಅವರು ಹೇಳಿದ್ದಕ್ಕ ನೂರ ಗ್ರಾಂ ಹೆಚ್ಚ ಬಿದ್ರ ಬೆಳಿ ಏನೂ ಅನ್ನೂದಿಲ್ಲ. ಎಲ್ಲಿ ಎಷ್ಟ ಬಿಗಿ ಅನ್ನೂದು ಬಾಳೆ ಮಾಡಿದ ಹೆಣ್ಣಮಕ್ಕಳಿಗೆ ಯಾರೂ ಕಲಸಬೇಕಾಗಿಲ್ಲ. ಸಾರಿಗೆ ಉಪ್ಪು ಅಂದಾಜು, ಬೀಸಾಕ ಕೊಟ್ಟ ಜೋಳ ತೂಕ, ಬಂಗಾರ ಗುಂಜಿ.

ಹಿಂಗಾಗಿ ನನ್ನ ಮಾತು ಇಷ್ಟ: ಯಂತ್ರ ಬಿಗಿ ಇರಲಿ, ಸಡ್ಲ ಇರಲಿ, ಮಾಸ್ತರು ಆರಿಸಿದ್ದನ್ನ ಹುಡುಗೂರಿಗೆ ಹೇಳಬೇಕು. ಯಂತ್ರಕ್ಕ ಹೇಳಿ ಕೂಸಿಗೆ ಹೇಳದ ಬಿಟ್ರ ಅದು ಪರೀಕ್ಷೆ ಆಗೂದಿಲ್ಲ, ಒಗಟ ಆಗತೈತಿ.

ಇದು ಆಗದ ಮಾತೇನಲ್ಲ. ನಮ್ಮ ದೇಶದಾಗ ದೊಡ್ಡ ಪರೀಕ್ಷೆಗಳು ಇದನ್ನ ಮಾಡೇ ಮಾಡತಾವ. ಗೇಟ್ ಪರೀಕ್ಷೆಯೊಳಗ ಸಂಖ್ಯೆ ಹೊಡಿಯೂ ಪ್ರಶ್ನೆ ಇರತಾವ. ದಶಾಂಶದ ಉತ್ತರ ಬರೂವಲ್ಲಿ "ಎರಡ ದಶಾಂಶಕ್ಕ ಸರಿ ಮಾಡಿ ಬರೀರಿ" ಅಂತ ಪ್ರಶ್ನೆಯೊಳಗನ ಬರದಿರತಾರ. ಆಮ್ಯಾಲ ಉತ್ತರದ ಪಟ್ಟಿ ಬಿಟ್ಟಾಗ ಒಂದ ಸಂಖ್ಯೆ ಬದಲಿ ಇಷ್ಟರಿಂದ ಇಷ್ಟತನಕ ಅಂತ ಅಂತರ ಕೊಡತಾರ. ಎನ್‌ಪಿಟಿಇಎಲ್ ಅಂತ ಐಐಟಿಯವರು ನಡಸೂ ಆನ್‌ಲೈನ್ ಪಾಠ ಅದಾವಲ್ಲ, ಅವುಗಳ ವಾರದ ಅಸೈನ್‌ಮೆಂಟಿನ್ಯಾಗೂ ಹಂಗ, ಕೊಡೂ ತಾರೀಖು ಮುಗದ ಮ್ಯಾಲ ಯಾವ ಅಂತರದಾಗಿನ ಉತ್ತರ ಒಪ್ಪಿವಿ ಅಂತ ಕಾಣತೈತಿ. ಲಕ್ಷಗಟ್ಟಲೆ ಹುಡುಗೂರ ಪರೀಕ್ಷೆಯೊಳಗ ಆಗೂದು ಅರವತ್ತ ಹುಡುಗೂರ ಕ್ಲಾಸಿನ್ಯಾಗ ಯಾಕ ಆಗಬಾರದು?

ಇಂಥಾ ಕಟ್ಟು ಹೇಳೂದು ಹೊಸಾದೂ ಅಲ್ಲ. ಮಾಂವನವರು ಆಣೆ ಲೆಕ್ಕ ಕಲತಾವ್ರು. ನಮ್ಮ ಬೆಳಗಾವಿ ಜಿಲ್ಲೆ 1956ರತನಕ ಮುಂಬೈ ಕಡೆ ಇತ್ತು, ಹಿಂಗಾಗಿ ಪಾವಕಿ, ನಿಮಕಿ, ಸವಾಯಕಿ, ದೀಡಕಿ ಅಂತ ಪಾವು, ಅರ್ಧಾ, ಸವ್ವಾ, ದೀಡದ ಮಗ್ಗಿ ಅವರಿಗೆ ಇನ್ನೂ ಬಾಯಾಗ ಐತಿ. 1957ರ ಏಪ್ರಿಲ್ 1ಕ್ಕ ಹದಿನಾರ ಆಣೆದ ರೂಪಾಯಿ ಹೋಗಿ ನೂರ ನಯಾ ಪೈಸಾದ ರೂಪಾಯಿ ಬಂತು. ಒಂದ ಆಣೆಕ್ಕ ಲೆಕ್ಕದ ಪ್ರಕಾರ ಆರೂಕಾಲ ಪೈಸಾ ಆಗಬೇಕು. ಕಾಲ ಪೈಸಾ ಎಲ್ಲಿಂದ ತರೂದು? ಅದಕ್ಕ ಸರ್ಕಾರ ಒಂದ ಪಟ್ಟಿ ಮಾಡಿ ಹಚ್ಚಿತ್ತು, ಒಂದ ಆಣೆಕ್ಕ 6, ಎರಡ ಆಣೆಕ್ಕ 12, ಮೂರ ಆಣೆಕ್ಕ 19, ನಾಕ ಆಣೆಕ್ಕ 25 ನಯಾ ಪೈಸಾ. ಒಂದೊಂದ ಆಣೆದ್ದು ಮೂರ ಸಾಮಾನ ಬಿಡಿಬಿಡಿ ತಗೊಂಡ್ರ 18 ಪೈಸಾ, ಒಮ್ಮೆಲೆ ಮೂರ ಆಣೆ ಕೊಟ್ರ 19 ಪೈಸಾ! ಒಂದ ಪೈಸಾದ ಫರಕು. ಆದ್ರ ಪಟ್ಟಿ ಎಲ್ಲಾರ ಮುಂದ ಇತ್ತಲ್ಲ, ತೋರಿಸಿ ಮಾತಾಡಾಕ ಬರತಿತ್ತು. ಲೆಕ್ಕ ನಡಕ ನಡಕ ಸರಿ ಮಾಡಕೊಂಡು ಹೋಗೂದು ಬ್ಯಾರೆ, ಕಡೀಕ ಒಮ್ಮೆ ಸರಿ ಮಾಡೂದು ಬ್ಯಾರೆ ಅನ್ನೂ ಮಾತನ್ನ ಮಗಳು ಆವತ್ತ ಮುತ್ಯಾನ ಕಡೆ ಕಲತ್ಳು.

ಇದರಾಗ ಏನೈತಿ, ಹುಡುಗೂರ ಹೋಮ್‌ವರ್ಕಿನ ಒಂದ ಮಾರ್ಕ್ಸಿಗೆ ಇಷ್ಟ ದೊಡ್ಡ ಕತಿ ಯಾಕ ಅಂತ ನಿಮಗ ಅನಸಬಹುದು. ಕಬ್ಬಿನ ಲೆಕ್ಕ ಹೇಳತೀನಿ ಕೇಳ್ರಿ, ಆವಾಗ ತಿಳೀತೈತಿ. ನಮ್ಮ ಹೊಲ 4-20, ಅಂದ್ರ ನಾಕೂವರಿ ಎಕರೆ. ಉತಾರ ನೋಡಿದ ಪ್ಯಾಟಿ ಹುಡುಗ ಯಾರರ ಅದನ್ನ ಕ್ಯಾಲ್ಕುಲೇಟರಿನ್ಯಾಗ 4.20 ಅಂತ ಹೊಡದ್ರ ಹನ್ನೆರಡು ಗುಂಟೆ ಹೊಲ ಕಾಗದದ ಮ್ಯಾಲ ಮಾಯ. ಎಕರೆಕ್ಕ ನಲವತ್ತ ಟನ್ ಹಿಡದ್ರ ನಾಕೂವರಿ ಎಕರೆಕ್ಕ 180 ಟನ್, ತಪ್ಪ ಲೆಕ್ಕದಾಗ 168 ಟನ್.

ಅಲ್ಲಿಗೆ ಮುಗೀಲಿಲ್ಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ ಅಂತ ಹೇಳೇತಿ. ಟನ್ನಿಗೆ 3,550 ಆತು. ಆದ್ರ ಅದು ಸಕ್ಕರಿ ಇಳುವರಿ ನೂರಕ್ಕ 10.25 ಇದ್ದಾಗಿನ ಮಾತು. ಇಳುವರಿ ಅದರ ಮ್ಯಾಲ 0.1 ಏರಿದ್ರ ಕ್ವಿಂಟಲಿಗೆ 3 ರೂಪಾಯಿ 46 ಪೈಸಾ ಹೆಚ್ಚ. ನಮ್ಮ 180 ಟನ್ನಿಗೆ ಆ 0.1ರ ಬೆಲಿ 6,228 ರೂಪಾಯಿ. ದಶಾಂಶದ ಮುಂದಿನ ಒಂದ ಅಂಕಿ, ಮಗಳ ಒಂದ ತಿಂಗಳ ಮೆಸ್ಸಿನ ಬಿಲ್ಲಿಗೆ ಹಣಕಿಯಾಗೂವಷ್ಟ. ಇಂಥಾ ಅಂಕಿನ್ನ ಯಾರು, ಯಾವ ಲೆಕ್ಕದಾಗ, ಎಲ್ಲಿ ಸರಿ ಮಾಡಿದ್ರು ಅಂತ ಕೇಳೂ ಬುದ್ಧಿ ಮಕ್ಕಳಿಗೆ ಸಾಲ್ಯಾಗ ಬರಲಿಲ್ಲಂದ್ರ ಮತ್ತ ಎಲ್ಲಿ ಬರತೈತಿ?

2025ರ ನವೆಂಬರದಾಗ ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿಗೆ ರೈತರು ಕುಂತಿದ್ದು ನಿಮಗೆಲ್ಲಾ ಗೊತ್ತೈತಿ. ಬೇಡಿಕೆ ಟನ್ನಿಗೆ 3,500 ಇತ್ತು, ಕಡೀಕ 3,300 ಅಂತ ತೀರ್ಮಾನ ಆತು. ಆವಾಗ ಬೆಂಗಳೂರಾಗ ಇರೂ ನಮ್ಮ ಬೀಗರೊಬ್ಬರು ಫೋನ್ ಮಾಡಿ, "ಕೇಂದ್ರ 3,550 ಕೊಟ್ಟೈತಲ್ಲ, ಅದಕ್ಕಿಂತ ಕಡಿಮಿಗೆ ಯಾಕ ಹೋರಾಟ ಮಾಡತೀರಿ?" ಅಂತ ಕೇಳಿದ್ರು. ಅವರೇನು ದಡ್ಡರಲ್ಲ, ಬ್ಯಾಂಕಿನ್ಯಾಗ ಇದ್ದವರು. ಆದ್ರ 3,550 ಅನ್ನೂದು ಫ್ಯಾಕ್ಟರಿ ಗೇಟಿಗೆ ಮುಟ್ಟಿದ ಕಬ್ಬಿನ ರೇಟು. ಕಟಾವು ಮತ್ತ ಸಾಗಾಣಿಕಿ ಫ್ಯಾಕ್ಟರಿಯವರು ಮಾಡಿದ್ರ ಆ ಖರ್ಚು ಅದರಾಗ ಮುರಕೊಳ್ಳತಾರ. ರೈತರು ಕೇಳಿದ್ದು ಆ ಖರ್ಚು ಬಿಟ್ಟು ಕೈಗೆ ಬರೂ ರೊಕ್ಕ. ಎರಡೂ ಟನ್ನಿನ ರೇಟ, ಎರಡೂ ರೂಪಾಯಿ, ಆದ್ರ ಎರಡು ಬ್ಯಾರೆ ಬ್ಯಾರೆ ಲೆಕ್ಕ. ಪೇಪರಿನ್ಯಾಗ ಬರೇ ಅಂಕಿ ನೋಡಿದವರಿಗೆ ರೈತರ ಮಾತು ತಪ್ಪಂತ ಕಂಡಿತು. ನನ್ನ ಮಗಳ 0.33 ಯಂತ್ರಕ್ಕ ತಪ್ಪಂತ ಕಂಡಂಗ.

ನಮ್ಮ ಕನ್ನಡ ನಾಡಿನ್ಯಾಗ ರಾಷ್ಟ್ರಕೂಟರ ಅಮೋಘವರ್ಷನ ಕಾಲಕ್ಕ, ಸುಮಾರ 850ರ ಹೊತ್ತಿಗೆ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಅನ್ನೂ ಗ್ರಂಥ ಸಂಸ್ಕೃತದಾಗ ಬರದ್ರು. ಭಿನ್ನರಾಶಿಯೊಳಗ ಅವರದು ದೊಡ್ಡ ಹೆಸರು. ಆದ್ರ ಅವರು ಒಂದ ಸಂಖ್ಯೆನ್ನ ಸೊನ್ನಿಯಿಂದ ಭಾಗಿಸಿದ್ರ ಸಂಖ್ಯೆ ಹಂಗ ಉಳೀತೈತಿ ಅಂದಾರ. ಈಗಿನ ಸಾಲ್ಯಾಗ ಹಂಗ ಬರದ್ರ ತಪ್ಪ, ಸೊನ್ನಿಯಿಂದ ಭಾಗಿಸಾಕ ಬರೂದ ಇಲ್ಲ ಅಂತಾರ. ನಾ ಅಡಗಿ ಮನ್ಯಾಗ ನಿಂತು ನೋಡಿದ್ರ, ಬುಟ್ಟ್ಯಾಗಿನ ನಾಕ ರೊಟ್ಟಿ ಯಾರಿಗೂ ಹಂಚಲಿಲ್ಲಂದ್ರ ನಾಕೂ ಬುಟ್ಟ್ಯಾಗ ಉಳೀತಾವ! ಇದನ್ನ ಅಣ್ಣನ ಮಗನ ಮುಂದ ಅಂದೆ. ಅಂವ ನಕ್ಕು, "ಅತ್ತಿ, ಅದು ಹಂಚೂ ಲೆಕ್ಕ ಅಲ್ಲ, ಹಂಚದ ಇಟ್ಟ ಲೆಕ್ಕ" ಅಂದ. ಅದೂ ಖರೆ. 12ನೇ ಶತಮಾನದಾಗ ಕನ್ನಡದಾಗ ಗಣಿತ ಬರದ ರಾಜಾದಿತ್ಯ ತನ್ನ ಒಂದ ಗ್ರಂಥಕ್ಕ ವ್ಯವಹಾರಗಣಿತ ಅಂತ ಹೆಸರಿಟ್ಟಾನ. ಆ ಹೆಸರು ನನಗ ಭಾಳ ಸೇರತೈತಿ. ಗಣಿತದ ಹಿಂದ ಒಂದ ವ್ಯವಹಾರ ಇದ್ದ ಇರತೈತಿ, ಯಾವ ವ್ಯವಹಾರ ಅಂತ ಗೊತ್ತಾದ್ರ ಉತ್ತರದ ಅರ್ಧಾ ದಾರಿ ನಡದಂಗ.

ಈಗ ಕೆಲಸದ ಮಾತು. ಮಾಸ್ತರರು ಯಾರರ ಇದನ್ನ ಓದಾಕತ್ತಿದ್ರ ಕೈ ಮುಗದು ಕೇಳತೀನಿ ರೀ. ಪ್ರಶ್ನೆ ಕೆಳಗ ಒಂದ ಸಾಲು ಬರೀರಿ, ಭಿನ್ನರಾಶಿ ನಡೀತೈತೋ ಇಲ್ಲೋ, ಎಷ್ಟ ದಶಾಂಶ ಬೇಕು, ಕಾಮಾ ಹಾಕಬೇಕೋ ಬ್ಯಾಡೋ. ಬೆಲಿ ಸರಿ ಇದ್ದು ಬರಿಯೂ ರೂಪ ಮಾತ್ರ ತಪ್ಪಿದ್ರ ಕೆಂಪ ತೋರಿಸೂ ಬದಲಿ "ಉತ್ತರದ ರೂಪ ನೋಡ್ರಿ" ಅನ್ನೂ ಮಾತು ಬರೂವಂಗ ಮಾಡ್ರಿ. ಇಂಥಾ ಮಾತು ಹಾಕಾಕ ವೆಬ್‌ವರ್ಕಿನಂಥಾ ಸಾಫ್ಟ್‌ವೇರಿನ್ಯಾಗ ಅವಕಾಶ ಐತಂತ. ಮತ್ತ ರೂಪ ತಪ್ಪಿದ್ದಕ್ಕ ಒಂದ ಸಲ ಕಳೀಬ್ಯಾಡ್ರಿ. ನಿಮಗ ಕೆಲಸ ಭಾಳ ಐತಿ, ನನಗ ಗೊತ್ತೈತಿ. ಎಷ್ಟೋ ಪ್ರಶ್ನೆ ನೀವು ಬರದದ್ದೂ ಅಲ್ಲ, ಎಲ್ಲಿಂದೋ ಬಂದಾವು. ಆದ್ರ ಹುಡುಗೂರಿಗೆ ಕೊಡೂ ಮೊದಲ ಒಮ್ಮೆ ನೀವ ಹುಡುಗನಂಗ ಕುಂತು ಮೂರ ನಮೂನಿ ಉತ್ತರ ಹೊಡದು ನೋಡ್ರಿ. ಸಾರು ಬಡಸೂಕಿಂತ ಮೊದಲ ಅಂಗೈಯಾಗ ಒಂದ ಹನಿ ಹಾಕೊಂಡು ನೋಡಿದಂಗ.

ಅವ್ವ-ಅಪ್ಪಂದಿರಿಗೆ ಹೇಳೂದು ಒಂದ. ಕೂಸು "ನನಗ ಬರೂದಿಲ್ಲ" ಅಂದಾಗ ಒಮ್ಮೆಲೆ ಬೈಬ್ಯಾಡ್ರಿ, ಒಮ್ಮೆಲೆ ಸಮಾಧಾನಾನೂ ಮಾಡಬ್ಯಾಡ್ರಿ. ವಹಿ ತಗಸಿ ಕಡೀ ಸಾಲು ನೋಡ್ರಿ. ಲೆಕ್ಕ ಸರಿ ಇದ್ದು ಬರದದ್ದು ತಪ್ಪಿತೋ, ಲೆಕ್ಕಾನ ತಪ್ಪಿತೋ ಅಂತ ಕೇಳ್ರಿ. ಎರಡಕ್ಕೂ ಔಷಧ ಬ್ಯಾರೆ. ಗಣಿತ ನಿಮಗ ಬರದಿದ್ರೂ ಇದನ್ನ ಕೇಳಾಕ ಬರತೈತಿ.

ಮಗಳಿಗೆ ಮಾರ್ಕ್ಸ ತಿರಗಿ ಬರಲಿಲ್ಲ. ಅಕಿ ಹೆದರಕೋತ ಸರ್‌ಗೆ ಒಂದ ಮೆಸೇಜ್ ಹಾಕಿದ್ಳು, ವಹಿದ್ದು ಫೋಟೋ ತಗದು ಕಳಿಸಿದ್ಳು. "ನಿನ್ನ ಲೆಕ್ಕ ಸರಿ ಐತಿ, ಮುಂದಿನ ಸಲ ಭಿನ್ನರಾಶಿಯೊಳಗ ಬರಿ" ಅಂತ ಉತ್ತರ ಬಂತು. ನನಗ ಇನ್ನೂ ಹೊಟ್ಟ್ಯಾಗ ಕಸಿವಿಸಿ ಐತಿ, ಯಾಕಂದ್ರ ಸರ್‌ಗೆ ಲೆಕ್ಕ ಸರಿ ಅಂತ ಗೊತ್ತಾದ ಮ್ಯಾಲೂ ಸೊನ್ನಿ ಸೊನ್ನೀನ ಉಳೀತು. ಆದ್ರ ಮಗಳು "ಲೆಕ್ಕ ಸರಿ ಐತಿ ಅಂದಾರ ನೋಡವ್ವಾ" ಅಂತ ಆ ಮೆಸೇಜ್ ಮುತ್ಯಾಗ ಮೂರ ಸಲ ಓದಿ ಹೇಳಿದ್ಳು. ಸೋಮವಾರ ಹೋಗೂ ಮುಂದ ವಹಿ ಮೊದಲನೇ ಹಾಳಿ ಮ್ಯಾಲ "2-30 + 1-30 = 4-20" ಅಂತ ಬರಕೊಂಡು ಹೋಗ್ಯಾಳ. ಗೆಳತ್ಯಾರು ನೋಡಿ ತಪ್ಪ ಬರದೀ ಅಂದ್ರಂತ. ಹೊಲ ಇಲ್ಲದವರಿಗೆ ಹಂಗ ಕಾಣತೈತಿ ಅಂದಳಂತ.

ನಿಮ್ಮ ಕಡೆ ಗುಂಟೆ ಬಿಟ್ಟು ಬ್ಯಾರೆ ಯಾವ ಅಳತಿ ಅದಾವು, ನಿಮ್ಮ ಮಕ್ಕಳಿಗೆ ಹಿಂಗ ಆದದ್ದು ಇದ್ರ ಬರದು ತಿಳಸ್ರಿ. ನನ್ನ ಸಂಘದ ಬುಕ್ಕ ಇನ್ನೂ ಹಂಗ ಬಿದ್ದೈತಿ, ಹದಿನಾರ ರೂಪಾಯಿ ಎಲ್ಲೋ ಹೆಚ್ಚ ಬರಾಕತ್ತಾವ, ಹುಡಕೂದೈತಿ.